ಎಡಚಿ ರಾಣಿಯ ಸಾವು-ಬದುಕು

ಹೋದ ಚಳಿಗಾಲವನ್ನು ನಾನು ಒಬ್ಬ ಹೆಂಗಸಿನ ಚಿಂತೆಯಲ್ಲೇ ಕಳೆದೆ. ಅವಳು ನನ್ನ ನೆಂಟಳಲ್ಲ, ನೆರೆಯವಳಲ್ಲ, ನಮ್ಮ ಮಧುಗಿರಿಯ ಕಡೆಯವಳಂತೂ ಅಲ್ಲವೇ ಅಲ್ಲ. ಎಲ್ಲೂ ಇಲ್ಲದ ಒಂದು ಹಿಮದ ದೇಶದ ರಾಣಿ, ಧಾರಾವಾಹಿಯೊಂದರ ಪಾತ್ರ. ಅವಳು ಸತ್ತಳೋ ಬದುಕಿದಳೋ ತಿಳಿಯದೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಕ್ಕಳಿಗೆ ಚರಿತ್ರೆ ಹೇಳಿಕೊಡುವ, ಕನ್ನಡಕ ಹಾಕಿದ, ಮದುವೆಗೆ ಬಂದ ಮಗಳಿರುವ ಮೇಷ್ಟರೊಬ್ಬ ಹೀಗೆಂದರೆ ನಿಮಗೆ ನಗು ಬರಬಹುದು. ನಗಿ. ನನ್ನ ಹೆಂಡತಿ ಸರೋಜ ನಗುವ ಹಂತ ದಾಟಿ ಬಹಳ ಕಾಲವಾಗಿದೆ.

ಆ ಧಾರಾವಾಹಿಯಲ್ಲಿ ಕೋಟೆಗಳಿವೆ, ಕತ್ತಿಗಳಿವೆ, ಮಾತಾಡುವ ಕಾಡು ಇದೆ, ಒಬ್ಬರನ್ನೊಬ್ಬರು ಕೊಲ್ಲಲು ಕಾದಿರುವ ಮೂರು ರಾಜಮನೆತನಗಳಿವೆ. ಮೊಬೈಲಿನಲ್ಲಿ ಕನ್ನಡಕ್ಕೆ ಡಬ್ ಆಗಿ ಬರುತ್ತದೆ. ಮಾತು ಕನ್ನಡವಾದರೂ ಹೆಸರುಗಳು ಮಾತ್ರ ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ನಾವು ನಾವೇ ನಾಮಕರಣ ಮಾಡಿಕೊಂಡಿದ್ದೆವು. ರಾಣಿ ಎಡಗೈಯಲ್ಲಿ ಕತ್ತಿ ಹಿಡಿಯುತ್ತಾಳೆ, ಆದ್ದರಿಂದ ಎಡಚಿ ರಾಣಿ. ಹೋದ ಭಾಗದ ಕೊನೆಯ ಕಂತಿನಲ್ಲಿ ಶತ್ರುಗಳು ಕೋಟೆಗೆ ನುಗ್ಗಿದರು. ಅವಳು ಪುಟ್ಟ ಮಗನನ್ನು ಸೇನಾಪತಿಯ ಜೊತೆ ಹೊಳೆಯಾಚೆ ಕಳಿಸಿ, ಮರದ ಸೇತುವೆಯ ಮೇಲೆ ಒಬ್ಬಳೇ ನಿಂತು, ಸೇತುವೆಗೆ ತಾನೇ ಬೆಂಕಿ ಇಟ್ಟಳು. ಸೇತುವೆ ಕುಸಿದು ಹೊಳೆಗೆ ಬಿತ್ತು. ಹೊಗೆ, ಮಂಜು, ಮುಗಿಯಿತು. ಮುಂದಿನದು ಬರುವ ವರ್ಷ.

ಇಂಥ ಕಡೆ ಕಥೆ ನಿಲ್ಲಿಸುವವರಿಗೆ ದೇವರು ಒಳ್ಳೆಯದು ಮಾಡುವುದಿಲ್ಲ.

ನಾನು ದಿನವೂ ಮಧುಗಿರಿಯಿಂದ ಹೊಳವನಹಳ್ಳಿಯ ಶಾಲೆಗೆ ಬಸ್ಸಿನಲ್ಲಿ ಹೋಗಿಬರುವವನು. ಆ ಬಸ್ಸಿನಲ್ಲಿ ರಾಣಿಯ ಬಗ್ಗೆ ನಡೆದಷ್ಟು ಚರ್ಚೆ ನಮ್ಮ ಚುನಾವಣೆಗಳ ಬಗ್ಗೆಯೂ ನಡೆದಿಲ್ಲ. ಕಂಡಕ್ಟರು ಟಿಕೆಟ್ ಹರಿಯುತ್ತಲೇ ತೀರ್ಪು ಕೊಡುತ್ತಿದ್ದ: “ಹೆಣ ತೋರಿಸಿದ್ರಾ ಸಾರ್? ತೋರಿಸಿಲ್ಲ ಅಂದ್ಮೇಲೆ ಸತ್ತಿಲ್ಲ, ಬುಡಿ.” ನಮ್ಮ ಗಣಿತದ ಮೇಡಂ ಆ ನಟಿ ಈಚೆಗೆ ಕೂದಲು ಕತ್ತರಿಸಿಕೊಂಡ ಫೋಟೋ ತೋರಿಸಿ, ಪಾತ್ರ ಮುಗಿಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ನನ್ನ ಪಕ್ಷ ಮೊದಲಿಂದಲೂ ಒಂದೇ: ರಾಣಿ ಸಾಯುತ್ತಾಳೆ, ಸಾಯಲೇಬೇಕು.

ನಮ್ಮ ಹಿರಿಯರಿಗೆ ಈ ಕಾಟವಿರಲಿಲ್ಲ. ಬಯಲಾಟಕ್ಕೆ ಚಾಪೆ ಹಿಡಿದು ಹೊರಟವರಿಗೆ ಯಾರು ಸಾಯುತ್ತಾರೆ, ಯಾರ ಕೈಯಲ್ಲಿ ಸಾಯುತ್ತಾರೆ ಎನ್ನುವುದು ಹೊರಡುವಾಗಲೇ ಗೊತ್ತಿರುತ್ತಿತ್ತು. ಆದರೂ ಅಳುತ್ತಿದ್ದರು. ಮುಂದೇನು ಎಂಬುದಕ್ಕಲ್ಲ, ಹೇಗೆ ಎಂಬುದಕ್ಕೆ ಕಾಯುತ್ತಿದ್ದರು. ನಮಗೆ ಆ ಸಮಾಧಾನ ಹೋಗಿದೆ. ಅದರಲ್ಲೂ ಚರಿತ್ರೆಯ ಮೇಷ್ಟರಿಗೆ ಒಂದು ದೊಡ್ಡ ಕೊರತೆಯಿದೆ: ನಾವು ಪಾಠ ಮಾಡುವವರೆಲ್ಲ ಆಗಲೇ ಸತ್ತವರು. ನಮ್ಮ ಸೀಮೆಯಲ್ಲಿ ಬೆಟ್ಟಕ್ಕೊಂದು ಕೋಟೆ, ಕೋಟೆಗೊಬ್ಬ ಪಾಳೆಯಗಾರ. ಅವರ ಜಗಳ, ಮುತ್ತಿಗೆ, ಮೋಸ ಯಾವ ಧಾರಾವಾಹಿಗೂ ಕಡಿಮೆಯಿಲ್ಲ. ಆದರೆ ತರಗತಿಯಲ್ಲಿ ಹೇಳಿದರೆ ಆಕಳಿಕೆ ಬರುತ್ತದೆ, ಯಾಕೆಂದರೆ ಅವರ ಗತಿ ಪುಸ್ತಕದಲ್ಲಿ ಅಚ್ಚಾಗಿಹೋಗಿದೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಮುಂದೇನಾಗುತ್ತದೆಂದು ಗೊತ್ತಿಲ್ಲದ ಒಬ್ಬ ರಾಣಿ ನನ್ನ ಕೈಗೆ ಸಿಕ್ಕಿದ್ದಳು. ಹೇಗೆ ಬಿಡಲಿ?

ಇದೇ ದಿನಗಳಲ್ಲಿ ನಮ್ಮ ಮಗಳು ಸಹನಾಳಿಗೆ ಒಂದು ಸಂಬಂಧ ಬಂತು. ಅವಳು ಕೊಳಾಲದಲ್ಲಿ ರೈತರಿಗೆ ಬೀಜ, ಗೊಬ್ಬರದ ಸಲಹೆ ಕೊಡುವ ಕೆಲಸದಲ್ಲಿದ್ದಾಳೆ. ಬಂದ ಸಂಬಂಧಗಳನ್ನೆಲ್ಲ ಒಂದೇ ಮಾತಿನಲ್ಲಿ ವಾಪಸು ಕಳಿಸುವುದರಲ್ಲಿ ಪಳಗಿದವಳು. ಈ ಹುಡುಗ ಶಿರಾದವನು, ಹೆಸರು ರಘು, ಪಾವಗಡದ ಸೋಲಾರ್ ಪ್ಲಾಂಟಿನಲ್ಲಿ ಸೂಪರ್‌ವೈಸರ್. ತಂದೆ ಇವನು ಚಿಕ್ಕವನಿದ್ದಾಗಲೇ ಹೋದರು. ತಾಯಿ ಪುಟ್ಟರಂಗಮ್ಮ ಶಿರಾದಲ್ಲಿ ಹಿಟ್ಟಿನ ಗಿರಣಿ ನಡೆಸಿ ಮಗನನ್ನು ಓದಿಸಿದವರು. ಸಹನಾ ಅವನೊಡನೆ ಒಮ್ಮೆ ಫೋನಿನಲ್ಲಿ ಮಾತಾಡಿ, “ಬರಲಿ, ನೋಡೋಣ” ಎಂದಳು. ಅವರು ಬರುವ ದಿನ ಬೆಳಿಗ್ಗೆ ತನ್ನ ಸೀರೆಯನ್ನು ತಾನೇ ಇಸ್ತ್ರಿ ಮಾಡಿಕೊಂಡಳು. ಸರೋಜ ಅಡುಗೆಮನೆಯಿಂದ ನನಗೆ ಕಣ್ಣಿನಲ್ಲೇ ಅದನ್ನು ತೋರಿಸಿದಳು.

ತಾಯಿ ಮಗ ಇಬ್ಬರೇ ಬಂದರು. ಕೇಸರಿಬಾತು, ಬೋಂಡ ಮುಗಿದವು. ಮಳೆ, ಬಿಸಿಲು, ಬಸ್ಸಿನ ರಶ್ಶು ಮುಗಿದವು. ಆಮೇಲೆ ಹೆಣ್ಣು ನೋಡುವ ಮನೆಗಳಲ್ಲಿ ಬರುವ ಆ ಮೌನ ಬಂತು. ಫ್ಯಾನಿನ ಸದ್ದನ್ನು ಎಲ್ಲರೂ ಶ್ರದ್ಧೆಯಿಂದ ಕೇಳುತ್ತಾ ಕೂತಿದ್ದೆವು. ಆಗ ರಘುವಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಬಂದದ್ದು ನಮ್ಮ ಧಾರಾವಾಹಿಯ ಶೀರ್ಷಿಕೆ ಸಂಗೀತ!

ಸಹನಾ ನಕ್ಕುಬಿಟ್ಟಳು. “ನೀವೂ ನೋಡ್ತೀರಾ?”

“ನಾನಲ್ಲಂಡಿ,” ಎಂದ ರಘು. ಪಾವಗಡದ ತೆಲುಗು ಅವನ ಕನ್ನಡಕ್ಕೆ ಅಂಟಿಕೊಂಡಿತ್ತು. “ಅಮ್ಮ ನೋಡೋದು. ಈ ರಿಂಗ್‌ಟೋನು ಅವರೇ ಹಾಕಿಸಿದ್ದು.”

ಪುಟ್ಟರಂಗಮ್ಮ ಸೆರಗು ಸರಿಮಾಡಿಕೊಂಡು ನನ್ನತ್ತ ತಿರುಗಿದರು. ಅಲ್ಲಿಯವರೆಗೆ ಹತ್ತು ಮಾತೂ ಆಡಿರದ ಹೆಂಗಸು. “ಮೇಷ್ಟ್ರೇ, ನಿಮಗೇನನ್ಸುತ್ತೆ? ಆ ಎಡಗೈಯೋಳು ಸತ್ತಿಲ್ಲ ಅಲ್ವಾ?”

ಮರ್ಯಾದಸ್ಥನಾದವನು ಇಲ್ಲಿ “ಇರಬಹುದಮ್ಮ” ಎಂದು ಕಾಫಿ ಹೀರಬೇಕಿತ್ತು. ನನ್ನೊಳಗಿನ ಮೇಷ್ಟರು ಎದ್ದು ನಿಂತ. “ಇಲ್ಲಮ್ಮ, ಸತ್ತಳು,” ಎಂದೆ.

“ಹೆಂಗ್ ಸಾಯ್ತಾಳೆ? ಮಗ ಇನ್ನೂ ಎಳೇದು. ಅವಳಿಗೆ ಸಾಯಕ್ಕೆ ಪುರುಸೊತ್ತೆಲ್ಲೈತೆ?”

“ಅದಕ್ಕೇ ಸಾಯಬೇಕು. ತಾಯಿ ಇರೋವರೆಗೂ ಆ ಹುಡುಗ ರಾಜ ಆಗಲ್ಲ, ಅಮ್ಮನ ಸೆರಗು ಹಿಡ್ಕೊಂಡೇ ಇರ್ತಾನೆ. ಅವನು ಬೆಳೀಬೇಕಾದರೆ ಅವಳು ಹೋಗಲೇಬೇಕು.”

ಹೇಳಿ ಮುಗಿಸಿದ ಮೇಲೆ ನನ್ನ ಎದುರು ಯಾರು ಕೂತಿದ್ದಾರೆಂದು ಹೊಳೆಯಿತು. ಗಂಡನಿಲ್ಲದೆ ಒಬ್ಬನೇ ಮಗನನ್ನು ಬೆಳೆಸಿದ ತಾಯಿ, ಪಕ್ಕದಲ್ಲಿ ಆ ಮಗ. ಸರೋಜಳ ಕೈಯಲ್ಲಿದ್ದ ಕಾಫಿಯ ತಟ್ಟೆ ಗಾಳಿಯಲ್ಲೇ ನಿಂತಿತು.

ಸಹನಾ ಸುಮ್ಮನಿರಲಿಲ್ಲ. “ಅಪ್ಪ, ಇದೆಂಥ ನ್ಯಾಯ? ದೊಡ್ಡೋರು ಸತ್ತರೇನೇ ಮಕ್ಕಳು ಬೆಳೆಯೋದಾದ್ರೆ ನಾನು ಬೆಳೆಯೋಕೆ ನೀವೇನು ಮಾಡಬೇಕು, ಹೇಳಿ?”

ನಾನು ಆಗಲಾದರೂ ಬಾಯಿ ಮುಚ್ಚಬೇಕಿತ್ತಲ್ಲವೇ? ಇಲ್ಲ. ಮಗಳ ವಾದಕ್ಕೆ ಪ್ರತಿವಾದ ಹೂಡಿದೆ. ಅವಳು ಇನ್ನೊಂದು ಹೇಳಿದಳು, ನಾನು ಮತ್ತೊಂದು ಹೇಳಿದೆ. ನಮ್ಮ ಮನೆಯಲ್ಲಿ ಇದು ದಿನದ ಊಟದಷ್ಟೇ ಮಾಮೂಲು. ಬಂದವರು ನಮ್ಮಿಬ್ಬರನ್ನೂ ಟೆನಿಸ್ ಆಟ ನೋಡುವವರ ಹಾಗೆ ಆ ಕಡೆ ಈ ಕಡೆ ತಿರುಗಿ ನೋಡಿದರು. ಕಾಫಿ ಕುಡಿದು ಎದ್ದರು. “ಹೇಳಿ ಕಳಿಸ್ತೀವಿ,” ಎಂದರು ಪುಟ್ಟರಂಗಮ್ಮ.

ಗೇಟು ಮುಚ್ಚುತ್ತಲೇ ಸರೋಜ ಕೇಳಿದಳು: “ಅಲ್ಲಾ ರೀ, ಆ ರಾಣಿ ಬದುಕಿಕೊಂಡಿದ್ದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?”

ಅವತ್ತಿನಿಂದ ನಾನು ಎರಡು ಸುದ್ದಿಗೆ ಕಾಯುವವನಾದೆ. ಫೋನ್ ಗುಣುಗುಟ್ಟಿದರೆ ಶಿರಾದಿಂದಲೋ ಎಂದು ಓಡುತ್ತಿದ್ದೆ. ನೋಡಿದರೆ ಯಾರೋ ಧಾರಾವಾಹಿಯ ಹೊಸ ಊಹೆಯೊಂದನ್ನು ಕಳಿಸಿರುತ್ತಿದ್ದರು. ಸಂಜೆ ತಾರಸಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಎದುರಿಗೆ ಕೋಟೆ ಹೊತ್ತ ನಮ್ಮ ಬೆಟ್ಟ, ಯಾರ ಗತಿಯೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಕೂತಿರುತ್ತಿತ್ತು. ಬಸ್ಸಿನಲ್ಲಿ ರಾಣಿಯ ಮಾತು ಬಂದರೆ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಕಂಡಕ್ಟರು, “ಯಾಕ್ ಸಾರ್, ಹುಷಾರಿಲ್ವಾ?” ಎಂದು ಕೇಳಿದ.

ಸಹನಾ ಮಾತ್ರ ಏನೂ ಆಗದವಳಂತೆ ಕೊಳಾಲಕ್ಕೆ ಹೋಗಿಬರುತ್ತಿದ್ದಳು. ಒಂದು ಸಂಜೆ ಅವರೆಕಾಯಿ ಬಿಡಿಸುತ್ತಾ, ನಾನು ಕೇಳದೆಯೇ, “ಅವರು ಒಪ್ಪದೇ ಇದ್ರೂ ಪರವಾಗಿಲ್ಲಪ್ಪ,” ಎಂದಳು. ಹಿಂದಿನ ಸಂಬಂಧಗಳು ಬಿದ್ದುಹೋದಾಗ ಅವಳು ಹೀಗೆ ಹೇಳಿದವಳಲ್ಲ, ಹಾಯಾಗಿ ಉಂಡು ಮಲಗಿದವಳು. ನನಗೆ ಆ ರಾತ್ರಿಯ ಊಟ ಸೇರಲಿಲ್ಲ.

ಭಾನುವಾರ ಸರೋಜಳಿಗೆ ಸ್ನೇಹಿತರ ಮನೆಗೆಂದು ಹೇಳಿ ಶಿರಾ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಭಾಷಣ ಸಿದ್ಧಮಾಡಿಕೊಂಡೆ. ಕ್ಷಮೆ ಕೇಳುವುದು ಮೊದಲು. ಆಮೇಲೆ ನನ್ನ ಸಿದ್ಧಾಂತವನ್ನು ನಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದು. ಒಬ್ಬ ರಾಣಿಯ ಜೀವ ಮಗಳ ಸುಖಕ್ಕಿಂತ ದೊಡ್ಡದೇ? ಬದುಕಲಿ ಪಾಪ.

ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ, ಬೀದಿಯ ತುದಿಯಿಂದಲೇ ಅದರ ಸದ್ದು ಕೇಳುತ್ತಿತ್ತು. ಪುಟ್ಟರಂಗಮ್ಮ ತಲೆಗೆ ಬಟ್ಟೆ ಕಟ್ಟಿಕೊಂಡು ರಾಗಿ ಬೀಸುತ್ತಿದ್ದರು. ಹುಬ್ಬು, ರೆಪ್ಪೆಗಳ ಮೇಲೆಲ್ಲ ಹಿಟ್ಟು. ಪಕ್ಕದ ಗೋಡೆಯ ಗೂಡಿನಲ್ಲಿ ಮೊಬೈಲು ಒರಗಿತ್ತು. ಅದರೊಳಗೆ ಸೇತುವೆ ಉರಿಯುತ್ತಿತ್ತು, ಸದ್ದಿಲ್ಲದೆ. ಅವರು ಆ ಧಾರಾವಾಹಿಯನ್ನೆಲ್ಲ ನೋಡಿದ್ದೇ ಹಾಗೆ. ಆ ಗದ್ದಲದಲ್ಲಿ ಒಂದು ಮಾತೂ ಕೇಳದು. ಬರೀ ಮುಖ ನೋಡಿ ಕಥೆ ಮಾಡಿಕೊಂಡಿದ್ದರು.

ನನ್ನನ್ನು ಕಂಡು ಮೋಟಾರು ಆರಿಸಿದರು. ಸ್ಟೂಲು ಒರೆಸಿ ಕೊಟ್ಟರು. ನಾನು ಭಾಷಣ ಶುರುಮಾಡಿದೆ. “ಅವತ್ತು ಬಾಯಿ ತಪ್ಪಿ ಏನೇನೋ ಅಂದುಬಿಟ್ಟೆ ಅಮ್ಮ, ಮನಸ್ಸಿಗೆ ಹಚ್ಚಿಕೋಬೇಡಿ. ಆಮೇಲೆ ಯೋಚನೆ ಮಾಡಿದೆ. ರಾಣಿ ಬದುಕಿರಬಹುದು ಅಂತಲೇ ನನಗೂ ಅನ್ನಿಸ್ತಿದೆ.”

ಅವರ ಮುಖ ಗಂಟಿಕ್ಕಿತು. “ಯಾಕೆ? ಅವತ್ತು ಸತ್ತಿದ್ಲಲ್ಲ?”

“ಅಂದರೆ... ಇನ್ನೊಂದು ದೃಷ್ಟಿಯಿಂದ ನೋಡಿದರೆ...”

“ಬುಡಿ ಮೇಷ್ಟ್ರೇ. ಮಗಳ ಮದ್ವೆಗೋಸ್ಕರ ರಾಣೀನ ಬದುಕಿಸ್ಬೇಡಿ. ನಿಮಗನ್ಸಿದ್ದು ನೀವ್ ಹೇಳಿ, ನನಗನ್ಸಿದ್ದು ನಾನ್ ಹೇಳ್ತೀನಿ. ನಾನೇನು ಅದಕ್ಕೆ ಬೇಜಾರು ಮಾಡ್ಕಂಡಿದೀನಿ ಅಂದ್ಕಂಡ್ರಾ?”

“ಮತ್ತೆ ಏನೂ ಹೇಳಿ ಕಳಿಸಲಿಲ್ಲ...”

ಅವರು ತಲೆಯ ಬಟ್ಟೆ ಬಿಚ್ಚಿ ಕೊಡವಿದರು. “ನಿಮ್ಮನೇಲಿ ಮಾತೈತೆ ಮೇಷ್ಟ್ರೇ. ಅಪ್ಪನ ಮುಂದೆ ಮಗಳು ಅಂಗೆ ನಿಂತ್ಕಂಡು ಇಂಥದ್ದು ತಪ್ಪು ಅಂತಾಳೆ, ನೀವು ಬೈಯಲ್ಲ, ನೀವೂ ಜವಾಬು ಕೊಡ್ತೀರಿ. ನೋಡಿ ಖುಷಿಯಾಯ್ತು. ಮನೆಗೆ ಬಂದು ಯೋಚ್ನೆ ಶುರುವಾಯ್ತು. ನಮ್ಮನೇಲಿ ಏನೈತೆ? ಹಗಲೆಲ್ಲ ನಾನು ಈ ಮಿಷನ್ ಸದ್ದಲ್ಲಿ, ಅವನು ಪಾವಗಡದಲ್ಲಿ. ರಾತ್ರಿ ಬಂದ್ರೆ ‘ಉಂಡ್ಯಾ?’ ‘ಉಂಡೆ.’ ಅಷ್ಟೇ. ಎಷ್ಟೋ ವರ್ಷ ಅದೇ ಎರಡು ಮಾತು. ಅಂಥ ಮನೆಗೆ ಈ ಹುಡುಗಿ ಬಂದು ಬಾಯಿ ಕಟ್ಟಿ ಹೋದ್ರೆ? ಆ ಪಾಪ ನನಗ್ಯಾಕೆ ಅಂತ ಸುಮ್ನಾದೆ.”

ನಾವು ಬೇಡವೆಂದು ಅವರು ಸುಮ್ಮನಾಗಿದ್ದಾರೆಂದು ನಾನು ತಾರಸಿ ಸವೆಸಿದ್ದೆ. ಅವರು ಇಲ್ಲಿ ಹಿಟ್ಟಿನ ಮಧ್ಯೆ ನಿಂತು ನನ್ನ ಮಗಳ ಬಾಯಿಯ ಚಿಂತೆ ಮಾಡುತ್ತಿದ್ದರು. “ಅವಳ ಬಾಯಿ ಅಷ್ಟು ಸುಲಭಕ್ಕೆ ಕಟ್ಟೋದಲ್ಲಮ್ಮ,” ಎಂದಷ್ಟೇ ಹೇಳಿದೆ. ನಿಜವಾದ ಮಾತು ಅದೊಂದೇ ನನ್ನ ಬಳಿ ಇದ್ದದ್ದು.

ಅವರಿಗೆ ನಗು ಬಂತು. “ಅಂಗಾರೆ ಒಂದ್ ಕೆಲ್ಸ ಮಾಡಿ. ಹುಡುಗೀನೇ ಬಂದು ನಮ್ಮನೆ ನೋಡ್ಲಿ. ನಾವ್ ಹೆಣ್ಣು ನೋಡಿದ್ದಾಯ್ತು, ಅವಳು ಅತ್ತೆ ನೋಡ್ಲಿ. ಆಮೇಲೆ ಅವಳು ಹೇಳಿದಂಗೆ.”

ಮುಂದಿನ ಭಾನುವಾರ ಸಹನಾ ತಾಯಿಯ ಜೊತೆ ಶಿರಾಕ್ಕೆ ಹೋದಳು. ಮಧ್ಯಾಹ್ನವೆಲ್ಲ ಗಿರಣಿಯಲ್ಲೇ ಕೂತಿದ್ದಳಂತೆ. ರಘು ಬಂದಾಗ ನಾಲ್ವರೂ ಒಟ್ಟಿಗೆ ಮುದ್ದೆ ಉಂಡರಂತೆ. ವಾಪಸು ಬಂದವಳ ಮೂಗಿನ ಮೇಲೆ ಇನ್ನೂ ರಾಗಿಹಿಟ್ಟು ಇತ್ತು. “ಏನಾಯ್ತು?” ಎಂದೆ. “ಅವರಿಗೆ ಕಥೇಲಿ ಅರ್ಧ ಗೊತ್ತೇ ಇಲ್ಲಪ್ಪ. ಮಂತ್ರಿ ರಾಣಿಯ ಅಣ್ಣ ಅಂದ್ಕೊಂಡಿದಾರೆ. ನಾನೇ ಎಲ್ಲ ಹೇಳ್ಬೇಕು,” ಎಂದಳು. ಮದುವೆಗೆ ಒಪ್ಪಿಗೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿರಲಾರರು. ಸರೋಜ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಮದುವೆಯಾಗಿ ಕೆಲವು ತಿಂಗಳಿಗೆ ಧಾರಾವಾಹಿಯ ಹೊಸ ಭಾಗ ಬಂತು. ರಾಣಿ ಸತ್ತಿದ್ದಳು. ಮೊದಲ ಕಂತಿನಲ್ಲೇ, ಹೊಳೆಯ ದಡದ ಗುಡಿಸಲಿನಲ್ಲಿ, ಗುರುತು ಹಿಡಿಯದ ಬೆಸ್ತರ ನಡುವೆ. ನನ್ನ ಪಕ್ಷ ಗೆದ್ದಿತ್ತು. ಬಸ್ಸಿನಲ್ಲಿ ಗಣಿತದ ಮೇಡಂ ಕೈಕುಲುಕಿದರು. ನನಗೆ ಯಾಕೋ ಗೆದ್ದ ಹಾಗೆ ಅನ್ನಿಸಲಿಲ್ಲ. ಬೀಗಿತ್ತಿಗೆ ಫೋನ್ ಮಾಡಲು ಎರಡು ದಿನ ಧೈರ್ಯ ಬರಲಿಲ್ಲ. ಅವರೇ ಮಾಡಿದರು. “ಗೆದ್ರಲ್ಲ ಮೇಷ್ಟ್ರೇ,” ಎಂದರು. ದನಿ ಒದ್ದೆಯಾಗಿತ್ತು. “ನೋವಾಯ್ತು ಕಣ್ರೀ. ನಾನೂ ನಿಮ್ಮ ಮಗಳೂ ಕೂತ್ಕಂಡು ಅತ್ವಿ. ರಘು ಇಬ್ರಿಗೂ ಕಾಫಿ ಮಾಡ್ಕೊಟ್ಟ.”

ಮೊನ್ನೆ ಶಿರಾಕ್ಕೆ ಹೋಗಿದ್ದೆ. ಗಿರಣಿ ಓಡುತ್ತಿತ್ತು. ಸಹನಾ ಬಾಗಿಲಲ್ಲಿ ನಿಂತು ರಾಣಿಯ ಮಗ ಇನ್ನು ಏನಾಗುತ್ತಾನೆಂದು ಕಿರುಚುತ್ತಿದ್ದಳು. ಒಳಗಿಂದ ಅವಳ ಅತ್ತೆ ಅದೆಲ್ಲ ಆಗದೆಂದು ಕಿರುಚುತ್ತಿದ್ದರು. ಹಿಟ್ಟು ಬೀಸಿಸಲು ಬಂದ ಹೆಂಗಸರಲ್ಲಿ ಇಬ್ಬರು ಸಹನಾಳ ಕಡೆ, ಒಬ್ಬರು ಅತ್ತೆಯ ಕಡೆ. ಧಾರಾವಾಹಿ ನೋಡೇ ಇರದ ಒಬ್ಬ ಅಜ್ಜಿ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದರು. ರಘು ಚೀಲಗಳ ಬಾಯಿ ಕಟ್ಟುತ್ತಾ ನಗುತ್ತಿದ್ದ. ನನಗೂ ರಾಣಿಯ ಮಗನ ಬಗ್ಗೆ ಒಂದು ಖಚಿತವಾದ ಅಭಿಪ್ರಾಯವಿತ್ತು. ಗಂಟಲು ಸರಿಮಾಡಿಕೊಂಡು ಹೇಳಿದೆ. ಒಬ್ಬರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಲು ಬಾಯಿ ತೆರೆದವನು, ಯಾಕೋ ಬೇಡವೆನಿಸಿ, ಒಂದು ಚೀಲದ ಮೇಲೆ ಆರಾಮಾಗಿ ಕೂತೆ.