ಬೆನ್ನಿಗೆ ಕೇಳಿದ ಎಂಜಿನ್

ಚೇತನಕುಮಾರ ಗೋಣಿಚೀಲದಿಂದ ಆ ಕಾರನ್ನು ತೆಗೆದು ಮೇಜಿನ ಮೇಲಿಟ್ಟಾಗ ಹುಲಗಪ್ಪ ಅದರ ಚಕ್ರ ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಬಗ್ಗಿ ಮೂಸಿ ನೋಡಿದ. ವರ್ಷದ ಕೂಸನ್ನು ಮಲಗಿಸಿದಷ್ಟು ಉದ್ದದ ಆಟದ ಕಾರು. ಅದರ ಮೈಯಿಂದ ಆಯಿಲ್ ಬೆರೆಸಿದ ಪೆಟ್ರೋಲಿನ ವಾಸನೆ ಬರುತ್ತಿತ್ತು.

"ಇದು ಬ್ಯಾಟರಿ ಮ್ಯಾಲ ಓಡಂಗಿಲ್ಲೇನು?"

"ರಿಮೋಟಿಗಷ್ಟ ಬ್ಯಾಟರಿ, ಕಾಕಾ. ಓಡೋದು ಪೆಟ್ರೋಲಿನ ಮ್ಯಾಲ. ಒಳಗಿರೋದು ಖರೇ ಎಂಜಿನ್."

ಚೇತನಕುಮಾರ ಶಹಾಪುರದವನೇ. ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ, ಸೈದಾಪುರದಲ್ಲಿ ಬಾಡಿಗೆ ಕೋಣೆ, ರವಿವಾರ ಊರಿಗೆ. ಹೈದರಾಬಾದಿನವರೊಬ್ಬರು ಆಡಿ ಬಿಟ್ಟ ಕಾರನ್ನು ತಂದುಕೊಂಡಿದ್ದ. ಊರ ಗುಡ್ಡದ ಬುಡದಲ್ಲಿರುವ ಕಲ್ಲಿನ ಏರನ್ನು ಅದು ಹತ್ತಬೇಕೆಂಬುದು ಅವನ ಆಸೆ. ಅರ್ಧಕ್ಕೇ ಅದಕ್ಕೆ ಉಸಿರು ಕಟ್ಟುತ್ತಿತ್ತು. ಬಾಯಿ ದೊಡ್ಡದಿರುವ ಹೊಸ ಕಾರ್ಬೊರೇಟರ್ ತರಿಸಿದ್ದ, ಕೂಡಿಸುವವರು ಸಿಕ್ಕಿರಲಿಲ್ಲ. ಪಕ್ಕದ ಅಂಗಡಿಯ ಬೈಕ್ ಮೆಕ್ಯಾನಿಕ್ ಅಂಬ್ರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರ ತಳದಾಗ ಬಟ್ಟಲನ ಇಲ್ಲಲೇ, ಪೆಟ್ರೋಲ್ ಎಲ್ಲಿ ನಿಂದರತದ?" ಎಂದು ನಕ್ಕು ಕೈಗೆ ಕೊಟ್ಟಿದ್ದ.

ಹುಲಗಪ್ಪ ನಗಲಿಲ್ಲ. ಬಟ್ಟಲಿಲ್ಲದ ಕಾರ್ಬೊರೇಟರನ್ನು ಅವನು ದಿನಾ ನೋಡುತ್ತಿದ್ದ. ಬೆಳೆಗೆ ಔಷಧ ಸಿಂಪಡಿಸುವುದಕ್ಕೆ ಈ ಕಡೆ ಎಣ್ಣಿ ಹೊಡೆಯುವುದು ಎನ್ನುತ್ತಾರೆ. ರೈತರು ಬೆನ್ನಿಗೆ ಹೊತ್ತು ಎಣ್ಣಿ ಹೊಡೆಯುವ ಪಂಪುಗಳ ರಿಪೇರಿಯೇ ಅವನ ಕಸುಬು. ಬಗ್ಗಿದರೂ ಓರೆಯಾದರೂ ಎಂಜಿನ್ ನಿಲ್ಲಬಾರದೆಂದು ಆ ಪಂಪುಗಳಿಗೂ ಇಂಥದೇ ಕಾರ್ಬೊರೇಟರ್ ಇರುತ್ತದೆ.

"ಇದು ನಮ್ಮ ಪಂಪಿನ ತಮ್ಮ ಅದ. ಬಿಟ್ಟು ಹೋಗು," ಎಂದ. "ಮುಂದಿನ ರವಿವಾರ ಬಾ."

ಹೇಳಿದ ಮೇಲೆ ಹೆದರಿಕೆಯಾಯಿತು. ವಡಗೇರಾದಿಂದಲೂ ಸುರಪುರದಿಂದಲೂ ಜನ ಪಂಪು ಹೊತ್ತು ಅವನಲ್ಲಿಗೇ ಬರುತ್ತಿದ್ದದ್ದು ಒಂದೇ ಕಾರಣಕ್ಕೆ. ಹುಲಗಪ್ಪನ ಕಿವಿ ದೊಡ್ಡದು, ಎಂಜಿನ್ನಿನ ಆವಾಜ ಕೇಳಿಯೇ ಅದರ ಬ್ಯಾನಿ ಹೇಳುತ್ತಾನೆ ಎಂಬ ಮಾತಿತ್ತು. ಆ ಕಿವಿಗಳು ಎರಡು ವರ್ಷದಿಂದ ಮಂದವಾಗುತ್ತಿದ್ದವು. ಮೊದಲು ಕುಕ್ಕರಿನ ಸೀಟಿ ಹೋಯಿತು, ಆಮೇಲೆ ಫೋನಿನ ಗಂಟೆ. ಯಾರಿಗೂ ಹೇಳಿರಲಿಲ್ಲ. ಈ ಸಣ್ಣ ಎಂಜಿನ್ ತನ್ನ ಕೈಯಲ್ಲಿ ಹದಕ್ಕೆ ಬಂದರೆ ಅಂಗಡಿ ನಡೆಸುವುದು, ಬರದಿದ್ದರೆ ಈ ಹತ್ತಿಯ ಹಂಗಾಮು ಮುಗಿದ ಮೇಲೆ ಬಾಗಿಲು ಹಾಕುವುದು. ಅಂದೇ ಹಾಗಂತ ಮನಸ್ಸಿನಲ್ಲಿ ಗೆರೆ ಎಳೆದುಕೊಂಡ.

ಕೆಲಸ ಹಿಡಿದ ಮೇಲೆ ಮಾತ್ರ ಹೆದರಿಕೆಗಿಂತ ಕುತೂಹಲವೇ ದೊಡ್ಡದಾಯಿತು. ಹಳೆಯ ಕಾರ್ಬೊರೇಟರಿನ ಬಾಯಿಗೆ ಡ್ರಿಲ್ಲಿನ ಬಿಟ್ಟುಗಳನ್ನು ಒಂದೊಂದಾಗಿ ತೂರಿಸಿ ನೋಡಿದ. ಹನ್ನೊಂದರದು ಕಷ್ಟಪಟ್ಟು ಹೋಯಿತು. ಹೊಸದರಲ್ಲಿ ಹದಿಮೂರರದು ಸಲೀಸಾಗಿ ಹೋಯಿತು. ಎರಡು ಎಂ.ಎಂ. ಹೆಚ್ಚು ಗಾಳಿ. ಅದನ್ನು ಕೂಡಿಸಲು, ಗಾಳಿ ಸೋರದಂತೆ ನಡುವೆ ಇಡುವ ಹಳೆಯ ಪ್ಯಾಕಿಂಗ್ ಹೊಂದಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಯಾರದೋ ಲಗ್ನಪತ್ರಿಕೆಯ ದಪ್ಪ ಕಾಗದ ಇಳಿಸಿ, ಅದರ ಮೇಲೆ ಹೊಸ ಕಾರ್ಬೊರೇಟರ್ ಒತ್ತಿ ಗುರುತು ಮಾಡಿ ಕತ್ತರಿಸಿ, ನಡುವೆ ಒಂದು ದೊಡ್ಡ ತೂತು, ಪಕ್ಕಕ್ಕೊಂದು ಪುಟ್ಟ ತೂತು ಕೊರೆಯತೊಡಗಿದ.

ಬಾಣಂತನಕ್ಕೆ ಬಂದಿದ್ದ ಮಗಳು ಸುಕನ್ಯಾ ಐದು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಬಂದು ನಿಂತಿದ್ದಳು. ಮನೆಯೂ ಅಂಗಡಿಯೂ ಒಂದೇ ಗೋಡೆಯ ಆಚೀಚೆ.

"ದೊಡ್ಡ ತೂತು ಗೊತ್ತಾತು. ಈ ಸಾಸಿವಿಯಷ್ಟು ತೂತು ಯಾಕಪ್ಪಾ?"

"ಅದ ಮರತ್ರ ಎಲ್ಲಾ ಹೋತು ನೋಡು. ಎಂಜಿನ್ನಿನ ಹೊಟ್ಟ್ಯಾಗಿನ ಗಾಳಿ ಈ ತೂತಿನಾಗಿಂದ ಹಿಂದ ಮುಂದ ಆಡತದ. ಒಳಗೊಂದು ತೆಳ್ಳನ ಪರದಿ ಅದ. ಗಾಳಿ ಆಡಿದಂಗ ಅದೂ ಒಳಗ ಹೊರಗ ಆಗಿ ಪೆಟ್ರೋಲ್ ಎಳಕೋತದ."

ಸುಕನ್ಯಾ ಕೂಸಿನ ಕೆನ್ನೆ ಮುಟ್ಟಿದಳು. "ಇಕಿ ಹಾಲು ಕುಡದಂಗ. ಗಲ್ಲ ಒಳಗ ಹೊರಗ."

"ಬರೋಬ್ಬರಿ," ಎಂದ ಹುಲಗಪ್ಪ. ಮೂವತ್ತು ವರ್ಷದಲ್ಲಿ ಯಾರೂ ಅದನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಎಂಜಿನ್ ಚಾಲೂ ಆಯಿತು. ಇನ್ನು ಉಳಿದದ್ದು ಸ್ಕ್ರೂ ಹದ ಮಾಡುವುದು. ಓಟಕ್ಕೆ ಪೆಟ್ರೋಲ್ ಬಿಡುವ ಸ್ಕ್ರೂವನ್ನು ಬಿಗಿದರೆ ಪೆಟ್ರೋಲ್ ಕಡಿಮೆ. ಆಗ ಎಂಜಿನ್ ಕಿರುಚುತ್ತದೆ, ಬಿಸಿಯೇರುತ್ತದೆ, ಕೊನೆಗೆ ಪಿಸ್ಟನ್ ಹಿಡಿದುಕೊಂಡು ನಿಂತೇಬಿಡುತ್ತದೆ. ಸಡಿಲಿಸಿದರೆ ಪೆಟ್ರೋಲ್ ಹೆಚ್ಚಾಗಿ ಗುರುಗುಟ್ಟುತ್ತಾ ಹೊಗೆ ಬಿಡುತ್ತದೆ. ಅವೆರಡರ ನಡುವೆ ಕೂದಲೆಳೆಯಷ್ಟು ಜಾಗವಿದೆ, ಅಲ್ಲಿ ನಿಲ್ಲಿಸಬೇಕು. ಹುಲಗಪ್ಪ ರೇಸ್ ಕೊಟ್ಟು ತಲೆ ಓರೆ ಮಾಡಿ ಕೇಳುತ್ತಾ ಬಿಗಿಯುತ್ತಾ ಹೋದ. ಗುರುಗುರು ಹೋಗಿ ಆವಾಜ ನುಣ್ಣಗಾಯಿತು. ಇನ್ನೂ ಬಿಗಿದ. ಇನ್ನೂ ನುಣ್ಣಗಾಯಿತು. ಬೆಣ್ಣೆಯಂಥ ಆವಾಜ ಎಂದುಕೊಂಡ.

ಸುಕನ್ಯಾ ಒಳಗಿನಿಂದ ಓಡಿ ಬಂದು ಅವನ ಭುಜ ಹಿಡಿದು ಅಲ್ಲಾಡಿಸಿದಳು. "ಬಂದ್ ಮಾಡಪ್ಪಾ! ಆಗಿಂದ ಒದರಾಕತ್ತೀನಿ! ಆವಾಜಿಗೆ ಕೂಸು ಬೆಚ್ಚಿ ಬಿದ್ದು ಅಳಾಕತ್ತದ. ಹಲ್ಲಾಗ ತಗಡು ಕೆರದಂಗ ಆಗತದ, ನಿಂಗ ಕೇಳಂಗಿಲ್ಲೇನು?"

ಹುಲಗಪ್ಪ ಎಂಜಿನ್ ಬಂದ್ ಮಾಡಿದ. ಪ್ಲಗ್ ಬಿಚ್ಚಿದ. ಅದರ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಪೆಟ್ರೋಲ್ ಸಾಲದೆ ಉರಿದ ಗುರುತು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಪಿಸ್ಟನ್ ಹೋಗುತ್ತಿತ್ತು. ತನಗೆ ನುಣ್ಣಗೆ ಕೇಳಿದ್ದೆಲ್ಲ ಕಿರುಚಾಟ. ಕಿರುಚುವ ಭಾಗವಷ್ಟೇ ತನ್ನ ಕಿವಿಗೆ ಬೀಳುತ್ತಿರಲಿಲ್ಲ.

ಸುಕನ್ಯಾ ಪ್ಲಗ್ ನೋಡಿದಳು, ಅಪ್ಪನ ಮುಖ ನೋಡಿದಳು. "ಎಷ್ಟು ದಿನಾ ಆತು?" ಎಂದು ಕೇಳಿದಳು.

"ಎರಡ ವರ್ಷ."

"ಅವ್ವಗ?"

"ಗೊತ್ತಿಲ್ಲ. ಅಕಿ ಮೊದಲಿಂದನೂ ಒದರೇ ಮಾತಾಡತಾಳಲ್ಲ."

ಸುಕನ್ಯಾಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಕೂಸು ಮತ್ತೆ ಅತ್ತಿತೆಂದು ಒಳಗೆ ಹೋದಳು.

ಮರುದಿನ ಮುಂಜಾನೆ ವಡಗೇರಾ ಕಡೆಯ ಮರಿಲಿಂಗನೆಂಬ ರೈತ ಪಂಪು ತಂದ. ಹುಲಗಪ್ಪ ದಿನದ ರೂಢಿಯಂತೆ ಅದಕ್ಕೆ ನೀರು ತುಂಬಿ, ಚಾಲೂ ಮಾಡಿ, ಬೆನ್ನಿಗೇರಿಸಿ, ಬೀದಿಯ ಬೇವಿನ ಗಿಡಕ್ಕೆ ನೀರು ಹೊಡೆಯುತ್ತಾ ಹತ್ತು ಹೆಜ್ಜೆ ಹೋದ. "ಪೆಟ್ರೋಲ್ ಸಾಲವಲ್ದು ಇದಕ್ಕ," ಎಂದು ಹೇಳಿದವನು ಅಲ್ಲೇ ನಿಂತುಬಿಟ್ಟ. ತನಗೆ ಹೇಗೆ ಗೊತ್ತಾಯಿತು? ಕೇಳಿಸಲಂತೂ ಇಲ್ಲ. ಎರಡೂ ಕಿವಿಗೆ ಅರಿವೆಯ ಚೂರು ತುರುಕಿಕೊಂಡು ಮತ್ತೆ ನಡೆದ. ಬೆನ್ನುಹುರಿಯ ಪಕ್ಕದಲ್ಲಿ ಸಣ್ಣಗೆ ಇರುವೆ ಹರಿದಂಥ ನಡುಕ. ಸ್ಕ್ರೂ ತುಸು ಸಡಿಲಿಸಿ ಮತ್ತೆ ಹೊತ್ತ. ಇರುವೆ ಹೋಗಿ ಬೆನ್ನು ತುಂಬ ಒಂದೇ ದಪ್ಪನೆಯ ಮಿಡಿತ ಕೂತಿತು.

ಮರಿಲಿಂಗ ಕೈ ಕಟ್ಟಿಕೊಂಡು ನೋಡುತ್ತಿದ್ದ. "ಕಿವ್ಯಾಗ ಅರಿವಿ ಯಾಕೋ ಮಾರಾಯಾ?"

"ಬೆನ್ನಿಗೆ ಕಿವಿ ಅದಾವೋ ಇಲ್ಲೋ ನೋಡಾಕತ್ತೀನಿ."

ಮಧ್ಯಾಹ್ನ ಆಟದ ಕಾರಿನ ಎಂಜಿನ್ನನ್ನು ಹೊಸ ಕಾರ್ಬೊರೇಟರ್ ಸಮೇತ ಬಿಚ್ಚಿದ. ಹಳೆಯ ಪಂಪಿನ ಚೌಕಟ್ಟಿಗೆ ಹೊಂದುವುದೋ ಇಲ್ಲವೋ ಎಂದು ಇಟ್ಟು ನೋಡಿದರೆ ಎರಡು ಬೋಲ್ಟು ಸರಿಯಾಗಿ ಕೂತವು, ಉಳಿದೆರಡಕ್ಕೆ ತಗಡಿನ ಪಟ್ಟಿ ಕೊಟ್ಟ. ಡಬ್ಬಿ ತುಂಬ ನೀರು ತುಂಬಿಸಿ ಬೆನ್ನಿಗೇರಿಸಿಕೊಂಡ. ನೀರು ತಳ್ಳುವ ಭಾರ ಎಂಜಿನ್ನಿಗೆ ಏರು ಹತ್ತಿದಂತೆಯೇ. ಆದರೆ ಬೆನ್ನ ಮೇಲಿರುವ ಸ್ಕ್ರೂ ತಿರುಗಿಸುವವರು ಯಾರು?

ಸುಕನ್ಯಾ ಕೂಸನ್ನು ಅವ್ವನ ಮಡಿಲಿಗೆ ಹಾಕಿ ಬಂದಳು. ತಿರುಗಿಸಿದ್ದು ಎಷ್ಟೆಂದು ಗೊತ್ತಾಗಲೆಂದು ಸ್ಕ್ರೂ ತಲೆಗೆ ಉಗುರಿನ ಕೆಂಪು ಬಣ್ಣದ ಒಂದು ಗೆರೆ ಹಾಕಿದಳು. ಬಲಭುಜ ಎತ್ತಿದರೆ ಸಡಿಲ, ಎಡಭುಜ ಎತ್ತಿದರೆ ಬಿಗಿ, ಎರಡೂ ಇಳಿಸಿದರೆ ಸಾಕು ಎಂದು ಮಾತಾಯಿತು. ಅಪ್ಪ ಮುಂದೆ, ಸ್ಕ್ರೂಡ್ರೈವರ್ ಹಿಡಿದ ಮಗಳು ಹಿಂದೆ. ಬೀದಿಯ ಧೂಳೆಲ್ಲ ತೊಯ್ದಿತು.

"ಕುಣಿತ ಕಲಸಾಕತ್ತೀಯೇನಬೇ ಅಪ್ಪಗ?" ಎಂದು ಅಂಬ್ರಪ್ಪ ತನ್ನ ಅಂಗಡಿಯಿಂದ ಕೂಗಿದ.

"ನೀನೂ ಬಾ ಮಾಮಾ, ಒಬ್ಬರು ಕಮ್ಮಿ ಬಿದ್ದಾರ!"

ಮೂರನೆಯ ಸುತ್ತಿನಲ್ಲಿ ಹುಲಗಪ್ಪನ ಎರಡೂ ಭುಜ ಇಳಿದವು.

ರವಿವಾರ, ಎಂಜಿನ್ ಮತ್ತೆ ಕೂಡಿಸಿದ ಕಾರಿನೊಂದಿಗೆ ಗುಡ್ಡದ ಬುಡದಲ್ಲಿ ಚೇತನಕುಮಾರ ರಿಮೋಟ್ ಹಿಡಿದು ನಿಂತ. ಅಂಗಡಿ ಮುಚ್ಚಿ ಅಂಬ್ರಪ್ಪನೂ ಬಂದಿದ್ದ, ಕೂಸಿಗೆ ಟೊಪ್ಪಿಗೆ ಕಟ್ಟಿಕೊಂಡು ಸುಕನ್ಯಾಳೂ ಬಂದಿದ್ದಳು. ಕಾರು ಬಯಲಿನಲ್ಲಿ ಎರಡು ಸುತ್ತು ಹೊಡೆದು ತಿರುಗಿ ಬಂತು. ಅಂಬ್ರಪ್ಪ ತಲೆ ಅಲ್ಲಾಡಿಸಿದ.

"ಗುರು ಗುರು ಅಂತದಲ್ಲೋ. ಪೆಟ್ರೋಲ್ ಜಾಸ್ತಿ ಆಗ್ಯಾದ. ಕಿವಿ ಕೊಟ್ಟು ಕೇಳು ಹುಲಗಪ್ಪಾ. ಜರಾ ಬಿಗಿ ಮಾಡು."

ಚೇತನಕುಮಾರ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. "ಹೌದ ಕಾಕಾ, ನನಗೂ ಹಂಗ ಕೇಳಸಾಕತ್ತದ. ನಿಮಗ ಹ್ಯಾಂಗ ಕೇಳಸ್ತದ್ರಿ?"

ಎಲ್ಲರೂ ಹುಲಗಪ್ಪನ ಮುಖ ನೋಡಿದರು. ಹೌದು ಎಂದುಬಿಟ್ಟರೆ ಮಾನ ಉಳಿಯುತ್ತಿತ್ತು. ಸ್ಕ್ರೂ ಬಿಗಿಯಾಗುತ್ತಿತ್ತು, ಏರಿನ ನಡುವೆ ಪಿಸ್ಟನ್ ಹೋಗುತ್ತಿತ್ತು. ಹುಲಗಪ್ಪ ಕೈ ಚಾಚಿ ಸ್ಕ್ರೂಡ್ರೈವರ್ ಇಸಿದುಕೊಂಡ.

"ನನಗ ಕೇಳಸಂಗಿಲ್ಲಪಾ," ಎಂದ. "ಎರಡ ವರ್ಷ ಆತು, ಕಿರಚೋ ಆವಾಜ, ದೂರದ ಆವಾಜ ಕಿವಿಗೆ ಬೀಳಂಗಿಲ್ಲ. ನೀವು ಅಂದದ್ದು ಖರೇನೂ ಇರಬೇಕು, ಬಯಲಿನಾಗ ಗುರುಗುಟ್ಟತಿರಬೇಕು. ಆದ್ರ ಸ್ಕ್ರೂ ಮುಟ್ಟಬ್ಯಾಡ. ಇದನ್ನ ಭಾರದಾಗ ಬೆನ್ನಿಗೆ ಹೊತ್ತು ನೋಡೀನಿ. ಏರಿನಾಗ ಇದಕ್ಕ ಪೆಟ್ರೋಲ್ ಹೆಚ್ಚು ಬೇಕು. ಏರಿಗೆ ಬಿಡು."

ಚೇತನಕುಮಾರ ಕಾರನ್ನು ಏರಿಗೆ ತಿರುಗಿಸಿದ.

ಮೊದಲ ಕಲ್ಲಿಗೆ ಮೂತಿ ಎತ್ತಿತು. ಹಿಂದಿನ ಚಕ್ರಗಳು ಮೊರಂ ಮಣ್ಣು ಎರಚಿದವು. ಹುಲಗಪ್ಪನಿಗೆ ಹೊಗೆ ಮಾತ್ರ ಕಂಡಿತು. ಮೊದಲು ದಪ್ಪನೆಯ ನೀಲಿ, ಏರು ಹೆಚ್ಚಿದಂತೆ ತೆಳುವಾಗಿ, ಆಮೇಲೆ ಅಗರಬತ್ತಿಯ ಎಳೆಯಷ್ಟು. ಅವನು ಮಗಳ ಕಡೆ ನೋಡಿದ. ಅವಳು ಕಿವಿಯ ಹತ್ತಿರ ಬಾಯಿ ತಂದು ಜೋರಾಗಿ ಹೇಳಿದಳು: "ಗುರುಗುರು ಹೋತಪ್ಪಾ! ಕೂಸು ಅಳವಲ್ದು!" ಮೊದಲು ನಿಂತುಬಿಡುತ್ತಿದ್ದ ಬಂಡೆಯನ್ನು ಕಾರು ದಾಟಿತು. ತುದಿಯ ಚಪ್ಪಟೆ ಕಲ್ಲಿನ ಮೇಲೆ ಹೋಗಿ ನಿಂತಿತು. ಚೇತನಕುಮಾರ ರಿಮೋಟ್ ಎತ್ತಿ ಕೇಕೆ ಹಾಕುತ್ತಾ ಏರು ಹತ್ತಿ ಓಡಿದ.

ಕಾರು ಕೆಳಗೆ ಬಂದ ಮೇಲೆ ಅಂಬ್ರಪ್ಪನೇ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದ. ತುದಿ ಹುರಿದ ಶೇಂಗಾದ ಬಣ್ಣಕ್ಕೆ ಬಂದಿತ್ತು, ಹದ ಸರಿಯಾದ ಗುರುತು. ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಬೆನ್ನಿಲೆ ಕೇಳೀಯಾ?"

"ಕೇಳಿಲ್ಲ. ತಿಳಕೊಂಡೀನಿ."

ಬುಧವಾರ ಸುಕನ್ಯಾ ವಡಗೇರಾದ ಗಂಡನ ಮನೆಗೆ ಹೊರಟಳು. ಹೊರಡುವ ಮುಂಚೆ ಉಗುರಿನ ಬಣ್ಣದ ಶೀಶೆಯನ್ನು ಅಂಗಡಿಯ ಗೂಡಿನಲ್ಲಿ ಗ್ರೀಸಿನ ಡಬ್ಬಿಯ ಪಕ್ಕಕ್ಕಿಟ್ಟಳು. "ಒಣಗೂದ್ರಾಗ ಮುಚ್ಚಳ ಹಾಕು," ಎಂದು ಎರಡು ಸಲ ಜೋರಾಗಿ ಹೇಳಿದಳು. ಬಸ್ಸು ಹೋದ ಸ್ವಲ್ಪ ಹೊತ್ತಿಗೆ ಒಬ್ಬ ರೈತ ಪಂಪು ತಂದಿಳಿಸಿದ. ಹುಲಗಪ್ಪ ಸ್ಕ್ರೂ ತಲೆಗೆ ಕೆಂಪು ಗೆರೆ ಎಳೆದ, ನೀರು ತುಂಬಿದ, ಚಾಲೂ ಮಾಡಿ ಹೊತ್ತುಕೊಂಡ.

"ನನಗ ಕಿವಿ ಮಂದ ಅದಾವು. ಯಾರರೆ ಹಿಂದ ನಿಂದರಬೇಕು," ಎಂದು ರೈತನಿಗೆ ಹೇಳುತ್ತಿದ್ದಂತೆ ಪಕ್ಕದ ಅಂಗಡಿಯಿಂದ ಅಂಬ್ರಪ್ಪ ಕೈ ಒರೆಸಿಕೊಳ್ಳುತ್ತಾ ಬಂದು ಸ್ಕ್ರೂಡ್ರೈವರ್ ಎತ್ತಿಕೊಂಡ.

"ಯಾವ ಭುಜಕ್ಕ ಸಡಿಲ ಅಂದಿ?"

ಹುಲಗಪ್ಪನಿಗೆ ಮಾತು ಕೇಳಿಸಲಿಲ್ಲ. ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆದು ಬಲಭುಜ ಎತ್ತಿದ.