ಸ್ಕೀ ಹಲಗೆಯ ಜೊತೆಗೊಂದು ಲ್ಯಾಪ್‌ಟಾಪ್

ನಮ್ಮ ಶಾಲೆಯ ಬೀಗ, ನಲ್ಲಿ, ಕಿಟಕಿ ಎಲ್ಲಕ್ಕೂ ಗುನ್ವೋರಳೇ ದಿಕ್ಕು. ನಾರ್ವೆಯ ಉತ್ತರದ ಈ ಮೀನುಗಾರರ ಊರಿಗೆ ಮುಖ್ಯೋಪಾಧ್ಯಾಯರು ಬರುತ್ತಾರೆ, ಹೋಗುತ್ತಾರೆ. ಕಟ್ಟಡ ನೋಡಿಕೊಳ್ಳುವ ಗುನ್ವೋರ್ ಮಾತ್ರ ಮೂವತ್ತು ವರ್ಷದಿಂದ ಇಲ್ಲೇ ಇದ್ದಾಳೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ನಾಲಿಗೆಯ ತುದಿಯಲ್ಲಿ ಉತ್ತರ.

ಆ ವರ್ಷ ಪುರಸಭೆಯಿಂದ ಇಪ್ಪತ್ತು ಲ್ಯಾಪ್‌ಟಾಪ್ ಬಂದವು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳು ಹೆಸರು ಬರೆಸಿ ಒಯ್ಯಬೇಕಿತ್ತು. ಒಬ್ಬರೂ ಬರೆಸಲಿಲ್ಲ. ನಮ್ಮೂರಲ್ಲಿ ಹಸಿದವನೂ ಈಗಷ್ಟೇ ಊಟವಾಯಿತು ಅನ್ನುತ್ತಾನೆ. ಯಾರಿಗೂ ಬೇಡವೆಂದೇ ನಾನು ನಂಬಿದೆ. ಎಂಟನೇ ತರಗತಿಗೆ ಭಾಷೆ ಕಲಿಸುವವನು ನಾನು. ಪ್ರಬಂಧ ಟೈಪ್ ಮಾಡಿ ಕಳಿಸದ ಐವರ ಹೆಸರನ್ನು ‘ಸೋಮಾರಿಗಳು’ ಎಂದು ಪಟ್ಟಿ ಮಾಡಿಟ್ಟಿದ್ದೆ. ಮೊದಲ ಹೆಸರು ಇಡುನ್. ಶುಕ್ರವಾರದೊಳಗೆ ಕಳಿಸದಿದ್ದರೆ ಅವಳಿಗೆ ಅಂಕವಿಲ್ಲ.

ಮಂಗಳವಾರ ಗುನ್ವೋರ್ ಮೇಜಿನ ಮೇಲಿದ್ದ ಆ ಪಟ್ಟಿ ನೋಡುತ್ತ ನನ್ನೆದುರು ನಿಂತಳು.

“ಇಡುನ್ ಸ್ಕೀ ಹಲಗೆ ಇಡೋ ಕೋಣೇಲಿ ಕೂತು ಪೆನ್ಸಿಲಲ್ಲಿ ಬರೀತಿದ್ಲು. ಅಮ್ಮ ಮೀನಿನ ಕಾರ್ಖಾನೆಯಿಂದ ಬಂದ್ಮೇಲೆ ಅವಳ ಫೋನಲ್ಲಿ ಕುಟ್ಟಬೇಕಂತೆ. ಆರು ಪುಟ. ನೀನು ಸೋಮಾರಿ ಅಂದ್ಯಲ್ಲ?”

ನಾನು ಪಟ್ಟಿಯನ್ನು ಪುಸ್ತಕದಡಿಗೆ ಸರಿಸಿದೆ.

ಮರುದಿನ ಶಾಲೆಯಲ್ಲಿ ಸ್ಕೀ ಹಲಗೆ ಬದಲಿಸುವ ದಿನ. ಹಿಮ ಬೀಳುವ ಮುಂಚೆ ಮಕ್ಕಳೆಲ್ಲ ಹಿಮದ ಮೇಲೆ ಜಾರುವ, ತಮಗೀಗ ಚಿಕ್ಕದಾದ ಹಲಗೆ ತಂದಿಟ್ಟು ಅಳತೆಗೆ ಸರಿಯಾದದ್ದನ್ನು ಒಯ್ಯುತ್ತಾರೆ. ಯಾರದೆಂದು ಯಾರೂ ಕೇಳುವುದಿಲ್ಲ. ಎಂಟನೆಯವರ ಹದಿನೆಂಟು ಜೊತೆ ಹಲಗೆಗಳ ಪಕ್ಕ ಗುನ್ವೋರ್ ಹದಿನೆಂಟು ಲ್ಯಾಪ್‌ಟಾಪ್ ಇಟ್ಟಿದ್ದಳು.

ಮುಖ್ಯೋಪಾಧ್ಯಾಯ ತೂರ್ಮೋದ್ ಓಡಿಬಂದ. “ಇವು ಇಲ್ಲದೋರಿಗೆ ಮಾತ್ರ, ಗುನ್ವೋರ್.”

“ಹೌದಾ? ಹಾಗಾದ್ರೆ ನಾಳೆಯಿಂದ ಚಳಿ ಅಂತ ಅರ್ಜಿ ಕೊಟ್ಟೋರ ಬೆಂಚಿಗೆ ಮಾತ್ರ ಹೀಟರ್ ಹಾಕ್ತೀನಿ.”

ಅವನು ಪಕ್ಕದ ಮೇಜಿನಲ್ಲಿ ಮಕ್ಕಳಿಗೆಂದು ಇಟ್ಟಿದ್ದ ಸಿಹಿ ವಾಫಲ್ ತಿನ್ನಲು ಹೋದ. ಗುನ್ವೋರ್ ಬಾಗಿಲಲ್ಲಿ ನಿಂತಳು. “ಬರೀ ಹಲಗೆ ಹೊತ್ಕೊಂಡು ಯಾರೂ ದಾಟೋ ಹಾಗಿಲ್ಲ. ಇದೂ ಒಂದೊಂದು.”

“ನನ್ ಹತ್ರ ಆಗ್ಲೇ ಎರಡಿದೆ,” ಎಂದು ದೋಣಿ ಮಾಲೀಕನ ಮಗಳು ಗೊಣಗಿದಳು.

“ಮೂರಾಗುತ್ತೆ, ಹೊರು.”

ಎಲ್ಲರೂ ನಕ್ಕರು. ಆ ಗದ್ದಲದಲ್ಲೇ ಇಡುನ್ ಒಂದನ್ನು ಕಂಕುಳಲ್ಲಿ ಇರುಕಿಕೊಂಡು ನಡೆದಳು. ಅವಳತ್ತ ಯಾರೂ ನೋಡಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳ ಪ್ರಬಂಧ ಬಂತು. ಹಿಂದೆಯೇ ಇನ್ನೂ ನಾಲ್ಕು. ನನ್ನ ಪಟ್ಟಿಯ ಐವರೂ ಕಳಿಸಿದ್ದರು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಪಟ್ಟಿಯನ್ನು ಗುನ್ವೋರಳ ಕೈಗಿತ್ತು ಒಲೆಗೆ ಹಾಕೆಂದೆ.

ಅವಳು ಹಾಕಲಿಲ್ಲ. ಪೆನ್ಸಿಲ್ ತೆಗೆದು ಐದೂ ಹೆಸರು ಹೊಡೆದು, ಕೆಳಗೆ ನನ್ನ ಹೆಸರು ಬರೆದು ವಾಪಸ್ ಕೊಟ್ಟಳು.

“ಯಾಕೆ ಕಳಿಸ್ಲಿಲ್ಲ ಅಂತ ಒಂದ್ಸಲನಾದ್ರೂ ಅವ್ರನ್ನ ಕೇಳಿದ್ಯಾ, ಹಾಲ್ವೋರ್?”