ಹಳೆಯ ಕರ್ನಲ್‌ನ ದನಿ

ಗಡಿಯಾಚೆಯ ಜತ್ತದ ಬಸ್ ನಿಲ್ದಾಣದ ಹಿಂದಿನ ಓಣಿ ಇನ್ನೂ ಪೂರ್ತಿ ಎಚ್ಚರಾಗಿಲ್ಲ. ವಾಚನಾಲಯದ ಹಿಂಬದಿ ಕೋಣೆಯ ಕೀಲಿ ತೆಗೆದು ನಂದಾ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಕಿಟಕಿಯ ಬೂದು ಬೆಳಕಿನಲ್ಲೇ ನೆಲ ಗುಡಿಸಿ, ಸಾಲಾಗಿ ಕೂತ ಕಂಪ್ಯೂಟರುಗಳ ಮೇಲೆ ಹೊದಿಸಿದ ಹಳೆಯ ಸೀರೆಯ ತುಂಡುಗಳನ್ನು ಒಂದೊಂದಾಗಿ ಸರಿಸುತ್ತಾರೆ, ಮಲಗಿದವರನ್ನು ಎಬ್ಬಿಸುವ ಹಾಗೆ. ಗುಂಡಿ ಒತ್ತಿದರೂ ಅವು ಒಮ್ಮೆಲೇ ಏಳುವುದಿಲ್ಲ. ಒಳಗೇನೋ ಗೊರಗುಡುತ್ತದೆ, ನಿಲ್ಲುತ್ತದೆ, ಮತ್ತೆ ಗೊರಗುಡುತ್ತದೆ. ಕಪ್ಪು ಪರದೆಗಳ ಮೇಲೆ ಬಿಳಿಯ ಸಾಲುಗಳು ಮೇಲಕ್ಕೆ ಸರಿಯತೊಡಗಿದಾಗ ಗೋಡೆಗೆಲ್ಲ ಒಂದು ತಿಳಿನೀಲಿ ಹತ್ತುತ್ತದೆ. ಸುಣ್ಣ ಉದುರಿದ ಗೋಡೆ ನೀರಿನೊಳಗೆ ನಿಂತಂತೆ ಕಾಣುತ್ತದೆ. ಇದು ದಿನಾ ಆಗುವಂಥದ್ದು. ಆದರೂ ಆ ಹೊತ್ತಿಗೆ ನಂದಾ ಪೊರಕೆ ಹಿಡಿದುಕೊಂಡೇ ನಿಂತುಬಿಡುತ್ತಾರೆ.

ಇಷ್ಟು ಬೇಗ ಬರಲು ಕಾರಣ ಕರೆಂಟು. ಹೊತ್ತೇರಿದರೆ ಲೋಡ್ ಶೆಡ್ಡಿಂಗ್. ಅಷ್ಟರೊಳಗೆ ಶೇಗಾಂವ, ಸೊರಡಿ ಕಡೆಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿಯರು ಮರಾಠಿ, ಕನ್ನಡ ಟೈಪಿಂಗ್ ಮುಗಿಸಬೇಕು. ಅವರಿಗಿಂತ ಮೊದಲು ಬರುವವರು ಒಬ್ಬರೇ.

"ಎದ್ದಾವೇನ್ರಿ ನಂದಾತಾಯಿ?"

ಬಾಗಿಲ ಹೊಸ್ತಿಲಿಗೆ ಕೋಲು ತಾಗಿಸಿ ಅಲ್ಲಾಉದ್ದೀನ ಬಾಗವಾನ ನಿಂತಿದ್ದಾರೆ. ಕಾಚಬಿಂದು ರೋಗ ಅವರ ಎರಡೂ ಕಣ್ಣು ತೆಗೆದುಕೊಂಡು ಬಹಳ ವರ್ಷವಾಯಿತು.

"ಎಲ್ಲಾ ಎದ್ದಾವ ಚಾಚಾ. ನಿಮ್ಮದಷ್ಟ ಇನ್ನೂ ಆಕಳಿಸಾಕತ್ತದ. ಬರ್ರಿ, ಕುಂದ್ರಿ."

ಬಾಗಿಲ ಬದಿಯ ಯಂತ್ರ ಅಲ್ಲಾಉದ್ದೀನರದು. ಅವರು ಗುಂಡಿ ಒತ್ತಿದಂತೆಲ್ಲ ಪರದೆಯ ಮೇಲಿನ ಅಕ್ಷರವನ್ನು ಅದು ಓದಿ ಹೇಳುತ್ತದೆ. ಗಂಡಸಿನದೂ ಅಲ್ಲದ, ಹೆಂಗಸಿನದೂ ಅಲ್ಲದ, ಮೂಗಿನಿಂದ ಬರುವ ದನಿ. ನಿದ್ದೆಯಲ್ಲಿ ಮಾತಾಡುವವರ ಕನ್ನಡದ ಹಾಗೆ ಏರಿಳಿತವಿಲ್ಲ. ಈ ಕೋಣೆಯಲ್ಲಿ ಮಾತಾಡುವ ಯಂತ್ರ ಇದೊಂದೇ. ಬೇರೆ ಯಾವುದರಲ್ಲೂ ದನಿ ಹೊರಡಿಸುವ ಸೌಂಡ್ ಕಾರ್ಡ್ ಇಲ್ಲ.

ಇವತ್ತು, 2009ರ ಜನವರಿಯ ಈ ಚಳಿಯ ಬೆಳಗು, ಆ ಯಂತ್ರದ ಪಕ್ಕ ಕಾಗದದ ಚೀಲದಲ್ಲಿ ಒಂದು ಸಿ.ಡಿ. ಇದೆ. ಅದರಲ್ಲಿರುವುದು ಹೊಸ ಕರ್ನಲ್. ಯಂತ್ರದ ಬಿಡಿಭಾಗಗಳಿಗೂ ಅದರಲ್ಲಿ ನಡೆಯುವ ಕೆಲಸಗಳಿಗೂ ನಡುವೆ ಕೂತು, ಯಾರು ಯಾವಾಗ ಏನು ಮಾಡಬೇಕೆಂದು ಹೇಳುವ ತಿರುಳು ಅದು. ಹೊಸದನ್ನು ಹಾಕಿದರೆ ಅಲ್ಲಾಉದ್ದೀನರಿಗೆ ಆಯಾ ದಿನದ ಪೇಪರು ಇಂಟರ್ನೆಟ್‌ನಿಂದ ಸಿಗಬಹುದು. ಅದೇ ಏಟಿಗೆ ಯಂತ್ರದ ದನಿ ನಿಂತುಹೋಗಲೂಬಹುದು. ಹಾಕುವುದೋ ಬಿಡುವುದೋ ಎಂದು ನಂದಾ ಹಲವು ವಾರಗಳಿಂದ ಆ ಸಿ.ಡಿ.ಯ ಮೇಲಿನ ಧೂಳು ಒರೆಸುತ್ತ ಬಂದಿದ್ದಾರೆ.

ನಂದಾ ಈ ಕೋಣೆಗೆ ಬಂದದ್ದು ಗುಡಿಸಲು. ಸೊರಡಿಯ ಒಕ್ಕಲು ಮನೆಯ ಹುಡುಗಿ, ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ, ತೊಂಬತ್ತರ ದಶಕದಲ್ಲಿ ಜತ್ತಕ್ಕೆ ಮದುವೆ. ಸಾಂಗ್ಲಿಯ ಒಂದು ಕಚೇರಿ ಬೇಡವೆಂದು ಬಿಸಾಕಿದ ಕಂಪ್ಯೂಟರುಗಳನ್ನು ಟೆಂಪೋದಲ್ಲಿ ತುಂಬಿ ತಂದು ಇಳಿಸಿದವರು ಜತ್ತದವರೇ ಆದ, ಸಾಂಗ್ಲಿಯ ಕಾಲೇಜಿನಲ್ಲಿ ಕಲಿಸುವ ಮಲ್ಲಿನಾಥ. ಹಳೆಯ ಯಂತ್ರಕ್ಕೆ ಭಾರವಾಗದೆಂದು, ಪುಕ್ಕಟೆ ಸಿಗುತ್ತದೆಂದು ಅವಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಕಲಿಸಲು ಮೇಲಿಂದ ಮೇಲೆ ಮಾಸ್ತರರು ಬಂದರು.

"ಕಲಸಾಕ ಬಂದವರು ಒಬ್ಬೊಬ್ಬರ ಹೋದ್ರು. ಗುಡಸಾಕ ಬಂದಾಕಿ ನಾ, ಉಳಕೊಂಡ್ನಿ," ಎನ್ನುತ್ತಾರೆ ನಂದಾ.

ಉಳಿಯುವುದು ಸುಲಭವಿರಲಿಲ್ಲ. ಬೇಸಿಗೆಯಲ್ಲಿ ಯಂತ್ರಗಳು ಕಾದು ತಾವೇ ಆರಿಹೋಗುತ್ತಿದ್ದವು. ಇಲಿ ತಂತಿ ಕಡಿಯುತ್ತಿತ್ತು. ಒಳಗಿನ ಫ್ಯಾನು ಕಿರುಗುಟ್ಟಿದರೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರು. ಒಂದು ಸತ್ತರೆ ಅದರ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ಎಷ್ಟೋ ಸಲ ತಪ್ಪಾಗಿ ಹಾಕಿ ಇದ್ದದ್ದನ್ನೂ ಸುಟ್ಟರು. ಅಲ್ಲಾಉದ್ದೀನರ ಯಂತ್ರದಲ್ಲಿ ಬೇರೆ ಸೌಂಡ್ ಕಾರ್ಡ್ ಕೂರಿಸುವ ಜಾಗ ಸುಟ್ಟು ಕಪ್ಪಾಗಿರುವುದು ನಂದಾರ ಕೈಯಿಂದಲೇ. ವಾಚನಾಲಯದ ಪಂಚರು ಪ್ರತಿ ಸಭೆಯಲ್ಲೂ ಒಂದೇ ಮಾತು ಹೇಳುತ್ತಾರೆ: ಇವನ್ನೆಲ್ಲ ಭಂಗಾರಕ್ಕೆ ಹಾಕಿ. ಮರಾಠಿಯಲ್ಲಿ ಭಂಗಾರ ಎಂದರೆ ಗುಜರಿ.

"ಅವರು ಮರಾಠ್ಯಾಗ ಅಂತಾರ, ನನಗ ಕನ್ನಡದಾಗ ಕೇಳಸತದ," ಎಂದು ನಂದಾ ಸೆರಗಿನ ಮರೆಯಲ್ಲಿ ನಗುತ್ತಾರೆ. "ಹೂಂ ಬಂಗಾರ, ಹೂಂ ಬಂಗಾರ ಅನಕೋತ ಚಹಾದ ಕಪ್ಪು ಎತ್ತತೀನಿ."

ಅಲ್ಲಾಉದ್ದೀನರು ಕಣ್ಣಿದ್ದಾಗ ದಾಳಿಂಬೆ ವ್ಯಾಪಾರ ಮಾಡುತ್ತಿದ್ದವರು. ಬೆಳಗಾದರೆ ಕ್ಷೌರದ ಅಂಗಡಿಯ ಕಟ್ಟೆಯಲ್ಲಿ ಕೂತು, ಓದು ಬಾರದವರಿಗೆಲ್ಲ ಪೇಪರು ಓದಿ ಹೇಳುವುದು ಅವರ ಚಟ. ಈಗ ಅವರಿಗೆ ಓದಲು ಸಿಗುವುದು ಹುಡುಗಿಯರು ಟೈಪಿಂಗ್ ಕಲಿಯಲು ಹೊಡೆದ ಪಾಠಗಳು ಮಾತ್ರ. ಅವೇ ಪಾಠ, ಅವೇ ತಪ್ಪು.

"ಆ ನಜಮಾ ಅನ್ನೂ ಹುಡುಗಿ 'ಮಳೆ' ಹೊಡಿಯೂದ್ರಾಗ 'ಮೊಳೆ' ಹೊಡದಾಳ. ವರ್ಷಾತು, ದಿನಾ ನನ್ನ ತಲಿ ಮ್ಯಾಲ ಮೊಳೆ ಬೀಳಾಕತ್ತಾವ," ಎನ್ನುತ್ತಾರೆ.

ಹಿಂದಿನ ದಸರೆಗೆ ಯಾರೋ ಪುಣ್ಯಾತ್ಮರು ವಾಚನಾಲಯಕ್ಕೆ ಇಂಟರ್ನೆಟ್ಟಿನ ಕಡ್ಡಿಯೊಂದನ್ನು ಕೊಟ್ಟರು. ಅದನ್ನು ಚುಚ್ಚುವ ತೂತಿರುವುದು ಅಲ್ಲಾಉದ್ದೀನರ ಯಂತ್ರಕ್ಕೆ ಮಾತ್ರ. ಚುಚ್ಚಿದರೆ ಕಡ್ಡಿಯ ದೀಪ ಮಿನುಗಿತು, ಅಷ್ಟೇ. "ಯಾರೋ ಬಂದಾರ, ಯಾರಂತ ಗೊತ್ತಿಲ್ಲ ಅಂತದ," ಎಂದು ನಂದಾ ಮಲ್ಲಿನಾಥರಿಗೆ ಫೋನಿನಲ್ಲಿ ಹೇಳಿದರು. ಹಳೆಯ ಕರ್ನಲ್‌ಗೆ ಆ ಕಡ್ಡಿಯ ಗುರುತು ಸಿಗುವುದಿಲ್ಲ, ಹೊಸದಕ್ಕೆ ಸಿಗುತ್ತದೆ ಎಂದರು ಮಲ್ಲಿನಾಥ. ಆದರೆ ಹೊಸದಕ್ಕೆ ಆ ಮುದಿ ಸೌಂಡ್ ಕಾರ್ಡಿನ ಗುರುತು ಇರುತ್ತದೋ ಇಲ್ಲವೋ ತಮಗೂ ತಿಳಿಯದು ಎಂದರು. ಎಸ್.ಟಿ. ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಿ.ಡಿ. ಕಳಿಸಿದರು.

ಫೋನಿನ ಮಾತು ಕೇಳಿಸಿಕೊಂಡವನು ವಾಚನಾಲಯದ ಕಾವಲುಗಾರ ಸಾತಪ್ಪ, ಮಿಲಿಟರಿಯಿಂದ ನಿವೃತ್ತ.

"ಕರ್ನಲ್ ಅಂದ್ರ ಯಾರ್ರಿ ಬಾಯಾರ? ಯಾವ ರೆಜಿಮೆಂಟ್?"

"ಕಂಪ್ಯೂಟರದಾಗಿನ ಕರ್ನಲ್ ಸಾತಪ್ಪಣ್ಣಾ. ಒಳಗ ಕುಂತು ಹುಕುಂ ಕೊಡತದ."

"ಹಂಗಾದ್ರ ಅವನ. ಹೊಸಾ ಕರ್ನಲ್ ಬಂದ ಅಂದ್ರ ಮೊದಲ ದಿನ ಪರೇಡ್ ತಗೋತಾನ. ಮೊಣಕಾಲ ಹೋದವರನ್ನ ಬಾಜೂಕ ನಿಲ್ಲಸತಾನ. ನನ್ನೂ ನಿಲ್ಲಿಸಿದ್ದ."

ನಂದಾ ನಕ್ಕರು. ಆದರೆ ಆ ಸೌಂಡ್ ಕಾರ್ಡು ಮೊಣಕಾಲು ಹಿಡಿದುಕೊಂಡು ಬದಿಗೆ ನಿಂತಿರುವುದು ಅವತ್ತಿನಿಂದ ಅವರ ಕಣ್ಣಿಗೆ ಕಟ್ಟಿದೆ.

ಹೋದ ವಾರ ಅವರು ಮೂಲೆಯ ಯಂತ್ರದ ಮೇಲೆ ಪರೀಕ್ಷೆ ಮಾಡಿ ನೋಡಿದರು. ಹೊಸ ಕರ್ನಲ್ ಹಾಕಿ ಆರಿಸಿ ಹೊತ್ತಿಸಿದರೆ, ಯಂತ್ರ ನಾಲ್ಕು ಸಾಲು ಬರೆದು ಸುಮ್ಮನಾಯಿತು. ಎಷ್ಟು ಸಲ ಹೊತ್ತಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಕೊಂದೆ ಎಂದುಕೊಂಡರು. ಹುಡುಗಿಯರಿಗೆ ಹೇಳಲಿಲ್ಲ, ಅದರ ಮೇಲೆ ಸೀರೆ ಹೊದಿಸಿಟ್ಟರು. ಮನೆಗೆ ಹೋಗಿ ರೊಟ್ಟಿ ಬಡಿಯುವಾಗಲೂ ಆ ನಾಲ್ಕು ಸಾಲು ಕಣ್ಣ ಮುಂದೆ ಸರಿಯುತ್ತಿದ್ದವು.

ಮರುದಿನ ಫೋನಿನಲ್ಲಿ ಮಲ್ಲಿನಾಥ ಸಾಲುಗಳನ್ನು ಓದಿಸಿ ಕೇಳಿದರು. "ಅದು ಸತ್ತಿಲ್ಲ ನಂದಾತಾಯಿ. ಎಲ್ಲಾ ಇಟ್ಟಿರೋ ಡಿಸ್ಕಿಗೆ ಹಳೇ ಕರ್ನಲ್ ಎಚ್‌ಡಿಎ ಅಂತ ಕರೀತಿತ್ತು. ಹೊಸಾದು ಎಸ್‌ಡಿಎ ಅಂತದ. ಡಿಸ್ಕ್ ಅಲ್ಲೇ ಅದ. ಆದ್ರ ಒಳಗ ಬರದಿಟ್ಟದ್ದು ಹಳೇ ಹೆಸರು. ಆ ಹೆಸರು ಹಿಡದು ಹುಡಕತದ, ಇಲ್ಲಿ ಯಾರೂ ಇಲ್ಲ ಅಂತ ನಿಂತಬಿಡತದ."

ನಂದಾ ಎರಡೂ ಹೆಸರನ್ನು ಸಿ.ಡಿ.ಯ ಚೀಲದ ಮೇಲೆ ಬರೆದುಕೊಂಡರು.

ನಂದಾರ ಹುಟ್ಟುಹೆಸರು ಶಿವಲಿಂಗವ್ವ. ಮದುವೆಯ ದಿನ ಗಂಡ ಅಕ್ಕಿ ತುಂಬಿದ ತಾಟಿನಲ್ಲಿ ಉಂಗುರದಿಂದ ನಂದಾ ಎಂದು ಬರೆದರು. ಮದುಮಗಳಿಗೆ ಹೀಗೆ ಹೊಸ ಹೆಸರಿಡುವುದು ಈ ಕಡೆಯ ರೂಢಿ. ಮದುವೆಯಾದ ಹೊಸದರಲ್ಲಿ ಸೊರಡಿಯಿಂದ ತಮ್ಮ ಲಗಮಣ್ಣ ಅಕ್ಕನನ್ನು ನೋಡಲು ಬಂದಿದ್ದ. ಓಣಿಯ ತುದಿಯಲ್ಲಿ ನಿಂತು ಶಿವಲಿಂಗವ್ವನ ಮನೆ ಯಾವುದೆಂದು ಕೇಳಿದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದರು ಓಣಿಯವರು. ತಂದ ಶೇಂಗಾದ ಚೀಲ ಹೊತ್ತುಕೊಂಡು ಅವನು ಬಸ್ಸಿಗೆ ತಿರುಗಿಹೋದ. ಅಕ್ಕ ನಾಲ್ಕು ಬಾಗಿಲ ಆಚೆ ಕಾಳು ಹಸನು ಮಾಡುತ್ತ ಕೂತಿದ್ದಳು.

"ಅವ ಬಂದದ್ದು ನನಗ ಗೊತ್ತಾಗಿದ್ದು ಮುಂದ ತವರಿಗೆ ಹೋದಾಗ," ಎನ್ನುತ್ತಾರೆ ನಂದಾ. "ಯಂತ್ರದ ಮ್ಯಾಲ ಸಿಟ್ಟ ಬಂದಿತ್ತು ನೋಡ್ರಿ, ಅದು ಅವತ್ತ ಹೋತು."

ಎರಡೂ ಕರ್ನಲ್‌ಗೆ ತಿಳಿಯುವ ಮೂರನೆಯ ಹೆಸರನ್ನು ಡಿಸ್ಕಿಗೆ ಅಂಟಿಸಬಹುದು, ಆಗ ಹಳೆಯದನ್ನೂ ಉಳಿಸಿಕೊಂಡು ಯಾವುದು ಬೇಕೋ ಅದನ್ನು ಎಬ್ಬಿಸಬಹುದು ಎಂದರು ಮಲ್ಲಿನಾಥ. ನಂದಾ ಮೂಲೆಯ ಯಂತ್ರದ ಡಿಸ್ಕಿಗೆ 'ಅಕ್ಕಾ' ಎಂದು ಹೆಸರಿಟ್ಟರು. ಹುಡುಗಿಯರು ಅವರನ್ನು ಕರೆಯುವುದು ಹಾಗೆ. ಯಂತ್ರ ಎದ್ದಿತು. ಆದರೆ ದನಿಯ ಪ್ರಶ್ನೆಗೆ ಆ ಮೂಲೆಯಲ್ಲಿ ಉತ್ತರವಿರಲಿಲ್ಲ. ಅದನ್ನು ಕೇಳಬೇಕಾದದ್ದು ಬಾಗಿಲ ಬದಿಯ ಯಂತ್ರವನ್ನೇ.

"ಬ್ಯಾಡ ಚಾಚಾ," ಎನ್ನುತ್ತಾರೆ ನಂದಾ ಈ ಬೆಳಗು. "ಹಳೇದನ್ನೂ ಉಳಸಬಹುದು ಅಂತಾರ ಖರೆ, ಎಲ್ಲಿ ಏನ್ ಕೈ ತಪ್ಪತದೋ. ಇದ್ದ ದನಿ ಹೋದ್ರ ನಾ ಏನ್ ಮಾಡ್ಲಿ?"

"ದನಿ ಯಾರದು?"

"ನಿಮ್ಮದ."

"ಹಂಗಾದ್ರ ಬ್ಯಾಡ ಅನ್ನಾಕಿ ನೀ ಯಾರವಾ? ಕಣ್ಣ ಹೋದಾಗಿಂದ ನನಗೇನ್ ಬೇಕಂತ ಊರೆಲ್ಲಾ ಹೇಳತದ. ಅಂವಗ ಚಹಾ ಸಕ್ರಿ ಕಡಿಮಿ ಹಾಕ್ರಿ, ಅಂವ ಹೊರಗ ಕುಂದರ್ಲಿ. ಇದೊಂದರ ನನಗ ಬಿಡ್ರಿ."

ನಂದಾ ಹಳೆಯ ಕರ್ನಲ್ ಅಳಿಸದೆ, ಈ ಡಿಸ್ಕಿಗೂ 'ಅಕ್ಕಾ' ಎಂದೇ ಹೆಸರಿಟ್ಟು ಸಿ.ಡಿ. ಹಾಕುತ್ತಾರೆ. ಕೊನೆಯ ಗುಂಡಿಗೆ ಬಂದಾಗ ಅಲ್ಲಾಉದ್ದೀನರ ಬೆರಳನ್ನು ಹಿಡಿದು ಅದರ ಮೇಲೆ ಇಟ್ಟು, ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಅವರು ಒತ್ತುತ್ತಾರೆ. ಹೊರಗೆ ಮೊದಲ ಬಸ್ಸು ಹೊರಳುತ್ತದೆ. ಬಿಳಿಯ ಸಾಲುಗಳು ಮೇಲಕ್ಕೆ ಸರಿಯುತ್ತ, ಅಲ್ಲಾಉದ್ದೀನರ ತೆರೆದ ಕಣ್ಣುಗಳಲ್ಲಿಯೂ ಸರಿಯುತ್ತವೆ. ಯಂತ್ರ ಏಳುತ್ತದೆ. ಕಡ್ಡಿಯ ದೀಪ ಹಸಿರಾಗುತ್ತದೆ. ಅಲ್ಲಾಉದ್ದೀನರು ಒಂದು ಗುಂಡಿ ಒತ್ತುತ್ತಾರೆ, ಇನ್ನೊಂದು ಒತ್ತುತ್ತಾರೆ. ಏನೂ ಕೇಳಿಸುವುದಿಲ್ಲ.

"ಚಲೋ ಆತು," ಎನ್ನುತ್ತಾರೆ ಕಡೆಗೆ. "ಈಗ ಇಬ್ಬರೂ ಸರಿ ಆದ್ವಿ. ನನಗ ಕಾಣೂದಿಲ್ಲ, ಅದಕ್ಕ ಮಾತ ಬರೂದಿಲ್ಲ."

ಚಹಾ ಕುಡಿದು ಮುಗಿಸುವಷ್ಟು ಹೊತ್ತಿಗೆ ಪೇಪರಿನ ಪುಟಗಳು ಪರದೆಯ ಮೇಲೆ ಇಳಿದಿವೆ. ನಂದಾ ಕುರ್ಚಿ ಎಳೆದುಕೊಂಡು ತಾವೇ ಓದಲು ಶುರು ಮಾಡುತ್ತಾರೆ. ಎರಡು ಸುದ್ದಿಯಾದ ಮೇಲೆ ಅಲ್ಲಾಉದ್ದೀನರು ತಡೆಯುತ್ತಾರೆ.

"ಒಂದ್ ಬಿಟ್ಟ್ರಿ ನೋಡ್ರಿ. ಉಸಿರು ತಗೊಂಡ್ರಿ, ಕೆಳಗಿಂದಕ್ಕ ಹೋದ್ರಿ. ಏನಿತ್ತು ಅಲ್ಲಿ?"

"ಯಾರೋ ಸತ್ತ ಸುದ್ದಿ ಚಾಚಾ. ಮುಂಜಾನೆದ್ದು ಯಾಕಂತ..."

"ಅದಕ್ಕ ಅಂದ್ನಿ. ನೀವು ಓದಿದ್ರ ನಿಮಗ ಬೇಕಾದ್ದು ಓದತೀರಿ. ಆ ಮೂಗ ಹಿಡದ ಮಾತಾಡಾಂವ ಸತ್ತದ್ದನ್ನೂ ಓದತಿದ್ದ."

ನಂದಾ ತಲೆ ತಗ್ಗಿಸುತ್ತಾರೆ. ಅಲ್ಲಾಉದ್ದೀನರು ಬೆರಳಿನಿಂದ ಮೇಜಿನ ಅಂಚು ಸವರುತ್ತ ಕೂತಿರುತ್ತಾರೆ. ಆಮೇಲೆ ಕೇಳುತ್ತಾರೆ:

"ಈ ಪೇಪರ್ ಈಗ ಎಲ್ಲಿ ಅದ? ಕಡ್ಡಿಯಾಗೋ, ಯಂತ್ರದಾಗೋ?"

"ಉಳಿಸಿದ್ರ ಯಂತ್ರದ ಹೊಟ್ಟ್ಯಾಗ ಉಳೀತದ."

"ಉಳಸ್ರಿ ಮತ್ತ. ಉಳಿಸಿ ಹಳೇ ಕರ್ನಲ್‌ನ ಎಬ್ಬಸ್ರಿ. ನಮ್ಮ ಕಟ್ಟಿ ಮ್ಯಾಲ ಪೇಪರ್ ತರಾಂವ ಒಬ್ಬ ಇದ್ದ, ಅವಗ ಓದಾಕ ಬರ್ತಿರಲಿಲ್ಲ. ಓದಾಂವ ನಾ ಇದ್ನಿ. ತಂದಾಂವನ ಓದಬೇಕಂತ ಏನದ?"

ನಂದಾ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುತ್ತಾರೆ. ಈ ಸಲ ಪಟ್ಟಿಯಲ್ಲಿ ಕೆಳಗಿರುವ ಹಳೆಯ ಕರ್ನಲ್ ಅನ್ನು ಆಯ್ದುಕೊಳ್ಳುತ್ತಾರೆ. ಗೊರಗುಟ್ಟುವುದು, ನಿಲ್ಲುವುದು. ಆಮೇಲೆ ಆ ನಿದ್ದೆಯ ದನಿ ಜತ್ತದ ಆ ಕೋಣೆಯಲ್ಲಿ ಮೊದಲ ಸಲ ಇವತ್ತಿನ ತಾರೀಕು ಹೇಳುತ್ತದೆ. ಅಲ್ಲಾಉದ್ದೀನರು ಕೋಲು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗುತ್ತಾರೆ. ಸತ್ತವರ ಸುದ್ದಿಯನ್ನು ಪೂರ್ತಿ ಕೇಳುತ್ತಾರೆ. ಮದುವೆಯ ಸುದ್ದಿಯೊಂದನ್ನು ಅರ್ಧಕ್ಕೇ ಬಿಟ್ಟು ಮುಂದೆ ಹೋಗುತ್ತಾರೆ.

ಆ ಬೆಳಗು ಕಳೆದು ತಿಂಗಳುಗಳಾದವು. ನಂದಾ ಈಗ ಇನ್ನೂ ಬೇಗ ಬರುತ್ತಾರೆ. ಹೊಸದನ್ನು ಎಬ್ಬಿಸಿ ಪೇಪರು ತರಿಸಬೇಕು, ಅದನ್ನು ಮಲಗಿಸಿ ಹಳೆಯದನ್ನು ಎಬ್ಬಿಸಬೇಕು, ಅದೆಲ್ಲ ಕರೆಂಟು ಹೋಗುವುದರೊಳಗೆ ಆಗಬೇಕು. ಉಳಿದ ಯಂತ್ರಗಳಿಗೆ ಅವರು ಹೊಸ ಕರ್ನಲ್ ಹಾಕಲಿಲ್ಲ. ಅವು ಹೊರಜಗತ್ತಿಗೆ ಹೋಗುವುದೇ ಇಲ್ಲ, ಟೈಪಿಂಗ್‌ಗೆ ಇದ್ದದ್ದು ಸಾಕು. ಪಂಚರ ಸಭೆಯಲ್ಲಿ ಇದರ ಮಾತೇ ಬಂದಿಲ್ಲ.

ದೊಡ್ಡ ಆಸೆಯೇನಾದರೂ ಇದೆಯೇ ಎಂದರೆ ನಂದಾ ಕೀಬೋರ್ಡಿನ ಸಂದಿಯ ಧೂಳನ್ನು ಬಾಚಣಿಗೆಯ ಹಲ್ಲಿನಿಂದ ತೆಗೆಯುತ್ತ ಹೇಳುತ್ತಾರೆ.

"ಹೊಸಾದಕ್ಕೂ ಒಂದ ದಿನ ಮಾತ ಬರಲಿ. ಬರೂತನಕ ಹಿಂಗ ನಡೀಲಿ. ಆಗಾಗ ಪರದಿ ಮ್ಯಾಲ ಕೇಳತದ, ಹಳೇ ಕರ್ನಲ್ ತಗದಹಾಕ್ಲೇನು, ಜಾಗಾ ಉಳೀತದ ಅಂತ. ನಾ ಬ್ಯಾಡ ಅಂತ ಒತ್ತತೀನಿ. ಮತ್ತೊಂದ ಮಾತ ಕೇಳೂದಿಲ್ಲ ಅದು."